ನಕ್ಷತ್ರ ಹಾಕಿದ ಮಾತು

ಬೊಂಬಾಯಿಯ ಹತ್ತಿರದ ನೆರೂಳಿನ ಆ ಮನೆಯಲ್ಲಿ ಜಗಳ ಶುರುವಾದದ್ದು ಬಂಗುಡೆ ಮೀನಿನಿಂದ. ಮೀನು ಪಾಪ ಏನೂ ಮಾಡಿರಲಿಲ್ಲ. ವೇದಾವತಿ ಅದರ ಬಗ್ಗೆ ನಾಲ್ಕು ಸಾಲು ಬರೆದು 'ನಮ್ಮ ಕುಟುಂಬ' ಎಂಬ ವಾಟ್ಸಾಪ್ ಗುಂಪಿಗೆ ಹಾಕಿದ್ದಳು, ಅಷ್ಟೆ.

"ಇವತ್ತು ಬಂಗುಡೆ ತಂದೆ ಮೀನಿನವಳು ಬಾಯಿ ಜೋರು ಮಾಡಿದಳು ನಾನೂ ಮಾಡಿದೆ ಆಮೇಲೆ ಅವಳಿಗೆ ನಗೆ ಬಂತು ನನಗೂ ಬಂತು ಒಂದು ಜಾಸ್ತಿ ಹಾಕಿ ಕೊಟಳು ಪುಳಿಮುಂಚಿ ಸಾರು ಆಗಿದೆ ಬರುವವರು ಬನ್ನಿ ದಾರಿ ಗೊತುಂಟಲ"

ಹತ್ತು ನಿಮಿಷದೊಳಗೆ ಇಪ್ಪತ್ತಾರು ಉತ್ತರ ಬಂದವು. ಠಾಣೆಯ ನೌಪಾಡಾದಿಂದ ಸೌಜನ್ಯ "ದೊಡ್ಡಮ್ಮ, ನಾನು ಹೊರಟೆ" ಎಂದಳು. ದುಬಾಯಿಯ ಕುಶಲ ಅಳುವ ಮುಖಗಳನ್ನು ಸಾಲಾಗಿ ಕಳಿಸಿದ. ವರ್ಷಕ್ಕೊಮ್ಮೆಯೂ ಬಾಯಿ ಬಿಡದ ಊರಿನ ದೇಜಪ್ಪ ಮಾವ ಕೂಡ "ನಮ್ಮಲ್ಲಿ ಇವತ್ತು ಬರೀ ಗಂಜಿ" ಎಂದು ಬರೆದರು. ಇಪ್ಪತ್ತೇಳನೆಯದಾಗಿ ಬಂದದ್ದು ಇದು:

"*ಕೊಟ್ಟಳು. *ಗೊತ್ತುಂಟಲ್ಲ. ವಾಕ್ಯ ಮುಗಿದಲ್ಲಿ ಪೂರ್ಣವಿರಾಮ ಹಾಕಬೇಕು."

ಹಾಕಿದವಳು ಜಯಲತಾ. ಅದೇ ಮನೆಯಲ್ಲಿ, ಅಡುಗೆಮನೆಯಿಂದ ಹತ್ತು ಹೆಜ್ಜೆ ದೂರದ ಕೋಣೆಯಲ್ಲಿ ಕೂತು ಹಾಕಿದ್ದಳು. ತಿದ್ದಿದ ಶಬ್ದದ ಮೊದಲು ನಕ್ಷತ್ರ ಹಾಕಬೇಕೆಂದು ಅವಳಿಗೆ ಹೇಳಿಕೊಟ್ಟವನು ಮಗ ಕೀರ್ತನ್. ಹೇಳಿಕೊಟ್ಟದ್ದಕ್ಕೆ ಅವನು ಆಮೇಲೆ ಬೇಕಾದಷ್ಟು ಪಶ್ಚಾತ್ತಾಪಪಟ್ಟ.

ಜಯಲತಾ ಮೂವತ್ತು ವರ್ಷ ಕನ್ನಡ ಶಾಲೆಯ ಟೀಚರ್ ಆಗಿದ್ದವಳು. ಮಕ್ಕಳು ಕಡಿಮೆಯಾಗುತ್ತಾ ಬಂದು ನಾಲ್ಕು ವರ್ಷದ ಹಿಂದೆ ಶಾಲೆ ಮುಚ್ಚಿತು. ಅವಳ ಕೆಂಪು ಪೆನ್ನು ಮಾತ್ರ ನಿವೃತ್ತಿಯಾಗಲಿಲ್ಲ. ವೇದಾವತಿ ಅವಳ ವಾರಗಿತ್ತಿ, ಗಂಡ ತಾರಾನಾಥನ ಅಣ್ಣ ಮುಂಡಪ್ಪನ ಹೆಂಡತಿ. ಮುಂಡಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಡೊಂಬಿವಲಿಯ ಚಾಳಿನಲ್ಲಿದ್ದಾಗಿನಿಂದಲೂ ಎರಡೂ ಸಂಸಾರಕ್ಕೆ ಒಂದೇ ಒಲೆ. ಆ ಒಲೆ ಅವತ್ತಿನಿಂದ ಇವತ್ತಿನವರೆಗೆ ವೇದಾವತಿಯ ಕೈಯಲ್ಲೇ ಇತ್ತು. ಅವಳು ಓದಿದ್ದು ನಾಲ್ಕನೇ ಕ್ಲಾಸು. ಮನೆಯಲ್ಲಿ ಆಡುವುದು ತುಳು. ಆದರೆ ತುಳುವಿನಲ್ಲಿ ಯಾರೂ ಬರೆಯುವುದಿಲ್ಲ, ಬರೆಯುವುದೆಂದರೆ ಕನ್ನಡ, ಕನ್ನಡವೆಂದರೆ ಜಯಲತಾ. ಊರಿಗೆ ಕಾಗದ, ಮದುವೆಯ ಕರೆಯೋಲೆ, ಶ್ರಾದ್ಧದ ಕಾರ್ಡು, ಎಲ್ಲವೂ ಅವಳ ಕೈಯಿಂದಲೇ ಹೋಗಬೇಕು. ಮನೆಯಲ್ಲಿ ಅವಳಿಗೆ ಅಂಥ ಬೇರೆ ಅಧಿಕಾರವೇನೂ ಇರಲಿಲ್ಲ. ಸಾರಿನ ರುಚಿ ಅಕ್ಕನದು, ಮಗನ ಸಲಿಗೆಯೂ ಅಕ್ಕನದೇ.

ದೀಪಾವಳಿಗೆ ಕೀರ್ತನ್ ತನ್ನ ಹಳೆಯ ಮೊಬೈಲನ್ನು ದೊಡ್ಡಮ್ಮನಿಗೆ ಕೊಟ್ಟು, ಕನ್ನಡ ಅಕ್ಷರ ಹಾಕಿಕೊಟ್ಟ. ಅಲ್ಲಿಗೆ ಈ ಅಧಿಕಾರಕ್ಕೂ ಕುತ್ತು ಬಂತು.

ಜಯಲತಾ ಗುಂಪಿನಲ್ಲಿ ಎರಡು ವರ್ಷದಿಂದ ದಿನಕ್ಕೊಂದು ಸುವಿಚಾರ ಹಾಕುತ್ತಿದ್ದಳು. ಒತ್ತಕ್ಷರ, ದೀರ್ಘ, ವಿರಾಮ, ಎಲ್ಲವೂ ಎಲ್ಲಿರಬೇಕೋ ಅಲ್ಲೇ. ಐವತ್ತಮೂರು ಜನರ ಗುಂಪಿನಲ್ಲಿ ಅದಕ್ಕೆ ಬರುತ್ತಿದ್ದದ್ದು ಒಂದೇ ಒಂದು ಹೆಬ್ಬೆರಳು, ಅದೂ ಗಂಡನದು. ಅವನು ಪಕ್ಕದಲ್ಲೇ ಕೂತು ಓದದೆಯೇ ಒತ್ತುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಅಕ್ಕನ ಬಂಗುಡೆಗೆ ಇಪ್ಪತ್ತಾರು! ಅವಳಿಗೆ ಹೊಟ್ಟೆ ಉರಿಯಿತು. ಉರಿಯುವುದು ತನ್ನ ಹೊಟ್ಟೆ ಎಂದು ಒಪ್ಪಿಕೊಳ್ಳಲಾಗದೆ, ಕನ್ನಡ ಹಾಳಾಗುತ್ತಿದೆ ಎಂದುಕೊಂಡಳು.

ಅವತ್ತು ಊಟಕ್ಕೆ ಕೂತಾಗ ಕೀರ್ತನ್ ಶುರು ಮಾಡಿದ.

"ಅಮ್ಮ, ಛೋಡೋ ನಾ. ಎಲ್ಲರ ಎದುರು ಎಂತಕ್ಕೆ ತಿದ್ದುವುದು?"

"ತಪ್ಪು ಎಲ್ಲರ ಎದುರು ಮಾಡಿದರೆ ಎಲ್ಲರ ಎದುರೇ ತಿದ್ದುವುದು. ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆದದ್ದನ್ನು ಬೋರ್ಡಿನ ಮೇಲೆಯೇ ತಿದ್ದುದಿಲ್ವಾ?"

"ಇದು ಶಾಲೆ ಅಲ್ಲ. ಫ್ಯಾಮಿಲಿ ಗ್ರೂಪು."

"ಪರವಾಗಿಲ್ಲ ಮಗಾ," ವೇದಾವತಿ ಅವನ ಬಟ್ಟಲಿಗೆ ಇನ್ನೊಂದು ಮೀನು ಹಾಕುತ್ತಾ ಹೇಳಿದಳು. "ಜಯ ತಿದ್ದಿದರೆ ನಾನು ಕಲಿತೇನೆ. ಕೊಟ್ಟಳು ಬರೆಯಲಿಕ್ಕೆ ಎರಡು ಟ ಅಂತ ಈಗ ಗೊತ್ತಾಯ್ತು."

ಸೊಸೆ ಮಾನಸಿ ಖಾರಘರದಲ್ಲಿ ಹುಟ್ಟಿ ಬೆಳೆದವಳು. ತುಳು ಬರುತ್ತದೆ, ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅವಳು ದಿನಾ ವಾಶಿಯ ಆಫೀಸಿನಿಂದ ಬಂದವಳೇ ಅಡುಗೆಮನೆಯ ಕಟ್ಟೆ ಹತ್ತಿ ಕೂತು, "ದೊಡ್ಡಮ್ಮ, ಆಜ್ ಕ್ಯಾ ಲಿಖಾ? ಇವತ್ತು ಬರೆದದ್ದು ಓದಿ ಹೇಳಿ" ಅನ್ನುತ್ತಿದ್ದಳು. ಒಳಗಿನಿಂದ ಇಬ್ಬರ ನಗು ಕೇಳಿಸುತ್ತಿತ್ತು. ಜಯಲತಾ ಟೀವಿಯ ಸದ್ದು ಜೋರು ಮಾಡುತ್ತಿದ್ದಳು.

ನಕ್ಷತ್ರಗಳು ಹೆಚ್ಚಾದವು. ವೇದಾವತಿಯ ಮಳೆಗಾಲದ ಲೋಕಲ್ ಟ್ರೇನಿನ ಕಥೆಗೆ ಒಂಬತ್ತು ನಕ್ಷತ್ರ, ಸತ್ತುಹೋದ ಗಂಡನ ಚಪ್ಪಲಿಯ ಕಥೆಗೆ ಹನ್ನೊಂದು. ಒಂದು ದಿನ ನಾದಿನಿಯ ಮಗ ಹಿತೇಶನಿಗೆ ತಡೆಯಲಾಗಲಿಲ್ಲ. ಅವನು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುವವನು.

"ಮಾಮಿ, ಅರ್ಥ ಆಯ್ತಲ್ವಾ? ಆದ ಮೇಲೆ ಸ್ಪೆಲ್ಲಿಂಗ್ ಯಾಕೆ?" ಎಂದು ಕೇಳಿದ.

"ಅನ್ನ ಬೇಯದಿದ್ದರೂ ಹೊಟ್ಟೆ ತುಂಬುತ್ತದೆ. ಹಾಗೆಂದು ಹಸಿ ಅಕ್ಕಿ ತಿನ್ನುತ್ತೀಯಾ? ಮೊದಲು ಕನ್ನಡ ಲಿಪಿಯಲ್ಲಿ ಬರೆ." ಜಯಲತಾಳ ಉತ್ತರ ತಯಾರಾಗಿಯೇ ಇತ್ತು.

"ನಾನು ಬರೆದ್ರೆ ನಿಮಗೇ ಕೆಲಸ ಜಾಸ್ತಿ ಮಾಮಿ."

ಹದಿನೈದು ಜನ ನಕ್ಕರು. ಸೌಜನ್ಯ ಬರೆದಳು: "ನಾನಂತೂ ಇನ್ನು ಬರೆಯುವುದಿಲ್ಲ, ಫೋಟೋ ಮಾತ್ರ. ಫೋಟೋಕ್ಕೆ ಒತ್ತಕ್ಷರ ಇಲ್ಲ." ಅದಕ್ಕೆ ಇಪ್ಪತ್ತು ಜನ ನಕ್ಕರು. ದೇಜಪ್ಪ ಮಾವ ಮಾತ್ರ ಜಯಲತಾಳ ಪಕ್ಷ ವಹಿಸಿ "ಬಾಷೆ ಶುದ್ದ ಇರಬೇಕು" ಎಂದು ಬರೆದರು. ಆ ಎರಡು ಶಬ್ದಗಳನ್ನೂ ಜಯಲತಾ ತಿದ್ದಿದಳು. ಮಾವ ಮತ್ತೆ ಮಾತಾಡಲಿಲ್ಲ.

ಇದೆಲ್ಲ ಗುಂಪಿನೊಳಗೇ ಮುಗಿಯುತ್ತಿತ್ತೇನೋ. ಆದರೆ ಜನವರಿಯ ಒಂದು ಭಾನುವಾರ ಧರ್ಮಪಾಲ ಮನೆಗೆ ಬಂದರು. ಅವರು ಊರಿನವರು, ಇಲ್ಲಿನ ಕನ್ನಡ ಬಳಗದ ಕಾರ್ಯದರ್ಶಿ. ಬಳಗಕ್ಕೆ ಇಪ್ಪತ್ತೈದು ವರ್ಷ ತುಂಬುತ್ತಿತ್ತು, ಸ್ಮರಣ ಸಂಚಿಕೆ ಬರುವುದಿತ್ತು. ಬಳಗದ ಸಂಚಿಕೆಗಳ ಕರಡನ್ನು ಹನ್ನೊಂದು ವರ್ಷದಿಂದ ತಿದ್ದುತ್ತಿದ್ದವಳು ಜಯಲತಾ. ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಅವಳ ಹೆಸರಿರುತ್ತಿತ್ತು. ಅವಳದೇ ಒಂದು ಲೇಖನ ಬರಬೇಕೆಂಬ ಆಸೆ ಅವಳಿಗಿತ್ತು, ಬಾಯಿಬಿಟ್ಟು ಕೇಳಿರಲಿಲ್ಲ. ಈ ಸಲ ಕೇಳಿಯಾರು ಎಂದು 'ಮಾತೃಭಾಷೆಯ ಮಹತ್ವ' ಬರೆದಿಟ್ಟು ಆರು ತಿಂಗಳಾಗಿತ್ತು.

ಧರ್ಮಪಾಲರು ನೀರುದೋಸೆ ಮುಗಿಸಿ ಕೈತೊಳೆದು ಬಂದು ಕೂತರು.

"ಈ ಸಲ ನಿಮ್ಮ ಮನೆಯಿಂದ ಒಂದು ಲೇಖನ ಬೇಕೇ ಬೇಕು," ಎಂದರು.

ಜಯಲತಾ ಸೆರಗು ಸರಿಮಾಡಿಕೊಂಡಳು. "ಬರೆದದ್ದು ಉಂಟು..."

"ವೇದಕ್ಕ ಎಲ್ಲಿ? ಒಳಗಾ? ವೇದಕ್ಕಾ!" ಅವರು ಅಡುಗೆಮನೆಯ ಕಡೆ ತಿರುಗಿ ಕರೆದರು. "ಹಿತೇಶ ನಿಮ್ಮದೆಲ್ಲ ಕಳಿಸಿದ ಮಾರಾಯ್ರೆ. ನನ್ನ ಹೆಂಡತಿ ಓದಿ ಓದಿ ಅತ್ತಳು. ಡೊಂಬಿವಲಿಯ ಚಾಳಿನ ಬಗ್ಗೆ ನಾಲ್ಕು ಪುಟ ಬರೆದುಕೊಡಿ."

ವೇದಾವತಿ ದೋಸೆಯ ಸಟ್ಟುಗ ಹಿಡಿದೇ ಹೊರಗೆ ಬಂದಳು. "ನಾನಾ? ನನಗೆ ಬರೆಯಲಿಕ್ಕೆ ಬರ್ತದಾ? ಜಯ ಇದ್ದಾಳಲ್ಲ."

"ನೀವು ಬರೆದು ಕೊಡಿ. ತಿದ್ದಲಿಕ್ಕೆ ಜಯಕ್ಕ ಇದ್ದೇ ಇದ್ದಾರೆ."

ಜಯಲತಾ ನಕ್ಕಳು. ಒಳಗೆ ಹೋಗಿ ಅವರಿಗೆ ಕಾಫಿ ತಂದುಕೊಟ್ಟಳು, ಸಕ್ಕರೆ ಹಾಕಲು ಮರೆತಳು.

ಎರಡು ವಾರ ವೇದಾವತಿ ಮಧ್ಯಾಹ್ನ ಮಲಗಲಿಲ್ಲ. ಕಿರಾಣಿ ಪಟ್ಟಿ ಬರೆಯುವ ಪುಸ್ತಕದಲ್ಲೇ ಕೂತು ಬರೆದಳು. ಒಂದು ದಿನ ಸಾರಿಗೆ ಉಪ್ಪು ಜಾಸ್ತಿಯಾಯಿತು, ಒಂದು ದಿನ ಪಲ್ಯ ತಳ ಹಿಡಿಯಿತು.

"ಸಾಹಿತಿಗಳ ಅಡುಗೆ ಇನ್ನು ಹೀಗೆಯೇ," ಎಂದಳು ಜಯಲತಾ.

"ಒಂದು ದಿನ ನೀನು ಮಾಡು," ಎಂದ ತಾರಾನಾಥ ತಟ್ಟೆಯಿಂದ ತಲೆ ಎತ್ತದೆ. ಮೆತ್ತಗಿನ ಮನುಷ್ಯ. ನಲವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತು ಯಾರ ಜಗಳಕ್ಕೂ ಹೋಗದವನು. ಅವನೂ ಹೀಗೆ ಹೇಳಿದ್ದು ಜಯಲತಾಳಿಗೆ ಚುಚ್ಚಿತು.

ಬರೆದು ಮುಗಿದ ದಿನ ವೇದಾವತಿ ಪುಸ್ತಕವನ್ನು ಸೆರಗಿನಲ್ಲಿ ಒರೆಸಿ ತಂದುಕೊಟ್ಟಳು. "ನೋಡು ಜಯಾ. ತಪ್ಪು ಬೇಕಾದಷ್ಟು ಇರಬಹುದು. ನೀನು ಸರಿ ಮಾಡು."

ಜಯಲತಾ ಬಾಗಿಲು ಹಾಕಿಕೊಂಡು ಓದಿದಳು. "ನಳದಲ್ಲಿ ನೀರು ಬರುವ ಮೊದಲು ಒಂದು ಉಸಿರು ಬಿಡುತಿತು ಆ ಸದ್ದು ಕೇಳಿದರೆ ಸಾಕು ಹದಿನಾಲ್ಕು ಮನೆಯ ಹೆಂಗಸರು ಬಾಲ್ದಿ ಹಿಡಿದು ಓಡುವುದು ನಾನು ಬೊಂಬಾಯಿಗೆ ಬಂದು ಮೊದಲು ಕಲಿತ ಬಾಸೆ ನಳದು ಮರಾಟಿ ಆಮೇಲೆ."

ಆ ಉಸಿರನ್ನು ಜಯಲತಾಳೂ ದಿನಾ ಕೇಳಿದ್ದಳು. ಅದೇ ಚಾಳು, ಅದೇ ನಳ. ಮೂವತ್ತು ವರ್ಷದಲ್ಲಿ ಅವಳಿಗೆ ಅದನ್ನು ಬರೆಯಬೇಕೆಂದು ತೋಚಿರಲಿಲ್ಲ. ಅವಳಿಗೆ ಅಳು ಬರುವಷ್ಟು ಅಸೂಯೆಯಾಯಿತು. ಕೆಂಪು ಪೆನ್ನು ತೆಗೆದಳು. ತಿದ್ದುತ್ತಾ ತಿದ್ದುತ್ತಾ ಪುಟವೆಲ್ಲ ಕೆಂಪಾದ ಮೇಲೆ, ಬಿಳಿ ಹಾಳೆಯಲ್ಲಿ ಮೊದಲಿನಿಂದ ತಾನೇ ಬರೆದಳು.

ಮರುದಿನ ಭಾನುವಾರ. ಮಧ್ಯಾಹ್ನದ ಊಟವಾಗಿ ಎಲ್ಲರೂ ತಟ್ಟೆಯ ಮುಂದೆಯೇ ಕೂತಿದ್ದರು.

"ಓದು, ಕೇಳುವ," ಎಂದ ತಾರಾನಾಥ.

ಜಯಲತಾ ಕನ್ನಡಕ ಹಾಕಿ, ಕ್ಲಾಸಿನಲ್ಲಿ ಓದುವ ದನಿಯಲ್ಲಿ ಓದಿದಳು. "ಮುಂಜಾನೆಯ ಸಮಯದಲ್ಲಿ ನಲ್ಲಿಯ ಮೂಲಕ ನೀರು ಪೂರೈಕೆಯಾಗುತ್ತಿತ್ತು. ಚಾಳಿನ ಮಹಿಳೆಯರು ಸರತಿಯಲ್ಲಿ ನಿಂತು ಜಲಸಂಗ್ರಹಣೆ ಮಾಡುತ್ತಿದ್ದರು. ಅನೇಕತೆಯಲ್ಲಿ ಏಕತೆಗೆ ಇದೊಂದು ಉತ್ತಮ ನಿದರ್ಶನವಾಗಿತ್ತು."

ಅವಳು ನಾಲ್ಕು ಪುಟವನ್ನೂ ಓದಿ ಮುಗಿಸಿದಳು. ಕೀರ್ತನ್ ತಟ್ಟೆಯಲ್ಲಿ ಬೆರಳಿಂದ ಗೆರೆ ಎಳೆಯುತ್ತಿದ್ದ.

"ಛಾನ್ ಆಹೆ, ಚೆನ್ನಾಗಿದೆ ಅತ್ತೆ," ಎಂದಳು ಮಾನಸಿ ಮೆಲ್ಲಗೆ. "ಪಣ್... ಆದರೆ ದೊಡ್ಡಮ್ಮ ನನಗೆ ಓದಿ ಹೇಳಿದ್ದು ಇದಲ್ಲ. ಆ ನಳ ಉಸಿರು ಬಿಡುವುದು ಎಲ್ಲಿ ಹೋಯ್ತು?"

"ನಳಕ್ಕೆ ಉಸಿರಿರುದಿಲ್ಲ ಮಾನಸಿ. ಪುಸ್ತಕದಲ್ಲಿ ಹಾಗೆಲ್ಲ ಬರೆಯುದಿಲ್ಲ."

"ಇದು ನಿಂದು ಅಮ್ಮ. ದೊಡ್ಡಮ್ಮಂದು ಅಲ್ಲ," ಎಂದ ಕೀರ್ತನ್. "ನಿನಗೆ ಹೊಟ್ಟೆಕಿಚ್ಚು. ಬಸ್, ಹೇಳಿ ಆಯ್ತು."

"ಹೌದಾ? ನಿನ್ನನ್ನು ಹೆತ್ತವಳು ನಾನು. ಆ ಮಾತು ಹೇಳಲಿಕ್ಕೆ ನಾಲಿಗೆ ಹೇಗೆ ಬಂತು ನಿನಗೆ?"

"ಜಗಳ ಬೇಡ," ಎಂದಳು ವೇದಾವತಿ. ಅವಳ ದನಿ ಏರಿರಲಿಲ್ಲ. "ಚೆಂದ ಉಂಟು ಜಯಾ. ನೀನು ನನ್ನ ಅಮ್ಮನಿಗೆ ಬರೆದ ಕಾಗದದ ಹಾಗೆಯೇ ಉಂಟು."

"ಯಾವ ಕಾಗದ ದೊಡ್ಡಮ್ಮ?"

"ನೀನು ಹುಟ್ಟುವ ಮೊದಲು ಮಗಾ. ಚಾಳಿನಲ್ಲಿ ನಾನು ಹೇಳುವುದು, ಜಯ ಬರೆಯುವುದು. ಒಂದು ಸಲ ನನಗೆ ಕಾಮಾಲೆ ಆಗಿ ಎದ್ದಿದ್ದೆ. ಜೀವದಲ್ಲಿ ತ್ರಾಣ ಇರಲಿಲ್ಲ. ನಾನು ಹೇಳಿದೆ, ಅಮ್ಮಾ ನನಗೆ ಇಲ್ಲಿ ಆಗುದಿಲ್ಲ, ತಮ್ಮನನ್ನು ಕಳಿಸು, ನಿನ್ನ ಹತ್ತಿರ ಮಲಗಿ ಬರ್ತೇನೆ ಅಂತ. ತಮ್ಮ ಬರಲಿಲ್ಲ. ಆ ಮಳೆಗಾಲದಲ್ಲಿ ಅಮ್ಮ ಹೋದರು." ಅವಳು ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಇಡತೊಡಗಿದಳು. "ಉತ್ತರಕ್ರಿಯೆಯ ಬೊಜ್ಜಕ್ಕೆ ಹೋದಾಗ ಅಮ್ಮನ ಪೆಟ್ಟಿಗೆಯಲ್ಲಿ ಕಾಗದ ಸಿಕ್ಕಿತು. ಬರೆಯಲಿಕ್ಕೆ ಧೈರ್ಯ ಇರಲಿಲ್ಲ, ಓದಲಿಕ್ಕೆ ಬರ್ತಿತ್ತಲ್ಲ. 'ನಾನು ಇಲ್ಲಿ ಸುಖವಾಗಿದ್ದೇನೆ, ತಾವು ಚಿಂತಿಸಬಾರದು' ಅಂತ ಉಂಟು. ಒಂದು ತಪ್ಪು ಇರಲಿಲ್ಲ. ಮುತ್ತಿನಂಥ ಅಕ್ಷರ."

ಜಯಲತಾ ಓದಿದ ಹಾಳೆಗಳನ್ನು ಮಡಚಿಟ್ಟಳು. "ಮೂವತ್ತು ವರ್ಷ ಆಯ್ತು ಅಕ್ಕ. ಈಗ ಹೇಳ್ತೀರಾ?"

"ಆಗಲೇ ಹೇಳಿದ್ದೆನಲ್ಲ. ನೀನು ಬರೆಯಲಿಲ್ಲ."

ವೇದಾವತಿ ತಟ್ಟೆಗಳನ್ನೆತ್ತಿಕೊಂಡು ಒಳಗೆ ಹೋದಳು. ಮರುದಿನ ಬೆಳಿಗ್ಗೆ ಅವಳು ಗುಂಪಿನಿಂದ ಹೊರಗೆ ಹೋದದ್ದು ಎಲ್ಲರ ಮೊಬೈಲಿನಲ್ಲೂ ಕಾಣಿಸಿತು. ಮೊಬೈಲನ್ನು ಅವಳು ಟೀವಿಯ ಮೇಲಿಟ್ಟಳು, ಚಾರ್ಜ್ ಹಾಕಲಿಲ್ಲ.

ಜಯಲತಾ ಬಯಸಿದ್ದೇ ಆಗಿತ್ತು. ಗುಂಪಿನಲ್ಲಿ ತಪ್ಪು ಬರೆಯುವವರು ಯಾರೂ ಉಳಿದಿರಲಿಲ್ಲ, ಯಾಕೆಂದರೆ ಬರೆಯುವವರೇ ಉಳಿದಿರಲಿಲ್ಲ. ಅವಳು ಸುವಿಚಾರ ಹಾಕಿದಳು. ಒಂದು ಹೆಬ್ಬೆರಳು ಬಂತು. ಎರಡನೇ ವಾರ ಅದೂ ಬರಲಿಲ್ಲ.

"ನೋಡಲಿಲ್ವಾ?" ಎಂದು ಗಂಡನನ್ನು ಕೇಳಿದಳು.

"ನೋಡಿದೆ," ಎಂದ ತಾರಾನಾಥ. ಪೇಪರು ತಿರುಗಿಸಿದ.

ಮನೆಯಲ್ಲಿ ಹೊತ್ತು ಹೊತ್ತಿಗೆ ಊಟ ಬರುತ್ತಿತ್ತು. ಉಪ್ಪು ಹದವಾಗಿತ್ತು, ಪಲ್ಯ ತಳ ಹಿಡಿಯುತ್ತಿರಲಿಲ್ಲ. "ಜಯಾ, ಬಡಿಸಲಾ?" "ಜಯಾ, ಹಾಲು ಬಂತು." ಇಷ್ಟೇ ಮಾತು. ಮಾನಸಿ ಆಫೀಸಿನಿಂದ ಬಂದು ಕಟ್ಟೆ ಹತ್ತಿ ಕೂರುತ್ತಿದ್ದಳು, ನಗು ಕೇಳಿಸುತ್ತಿರಲಿಲ್ಲ. ಸೌಜನ್ಯ, ಕುಶಲ, ದೇಜಪ್ಪ ಮಾವ, ಎಲ್ಲರೂ ಮನೆಗೆ ಫೋನ್ ಮಾಡಿ "ವೇದಕ್ಕನಿಗೆ ಹುಷಾರಿಲ್ವಾ?" ಎಂದು ಕೇಳಿದರು. ಸುಮ್ಮನಿದ್ದರೂ ಅಕ್ಕನನ್ನೇ ಕೇಳುತ್ತಾರಲ್ಲ ಎಂದು ಜಯಲತಾಳಿಗೆ ಅದಕ್ಕೂ ಹೊಟ್ಟೆ ಉರಿಯಿತು.

ಕಾಗದದ ನೆನಪು ಮಾತ್ರ ಬೆನ್ನು ಬಿಡಲಿಲ್ಲ. ಆಗ ಅವಳು ಮದುವೆಯಾಗಿ ಬಂದು ವರ್ಷವಾಗಿತ್ತಷ್ಟೆ. ಶಾಲೆಯ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮನೆಯಲ್ಲಿ ನಾಲ್ಕು ಜನ, ಬೆಳಿಗ್ಗೆ ಏಳರ ಲೋಕಲ್ ಹಿಡಿಯಬೇಕು. ಇನ್‌ಲ್ಯಾಂಡ್ ಕಾಗದ ಮಡಿಲಲ್ಲಿಟ್ಟುಕೊಂಡು ಕೂತಾಗ ಅವಳ ತಲೆಯಲ್ಲಿ ಇದ್ದದ್ದು ಒಂದೇ ಲೆಕ್ಕ: ಅಕ್ಕ ಒಂದು ತಿಂಗಳು ಊರಿಗೆ ಹೋದರೆ ಒಲೆಯ ಮುಂದೆ ನಾನೇ ನಿಲ್ಲಬೇಕು, ಕೆಲಸ ಹೋಗುತ್ತದೆ. 'ಕಾಗದದಲ್ಲಿ ಹಾಗೆಲ್ಲ ಬರೆಯುವುದು ಚೆಂದ ಅಲ್ಲ' ಎಂದು ತನಗೆ ತಾನೇ ಹೇಳಿಕೊಂಡು ಚೆಂದದ್ದನ್ನು ಬರೆದಳು. ಒಂದು ತಿಂಗಳೆಂದರೆ ಕಡಿಮೆಯೇ? ಯಾರಾದರೂ ಹಾಗೇ ಮಾಡುತ್ತಿದ್ದರು ಎಂದು ಇಷ್ಟು ವರ್ಷ ನಂಬಿದ್ದಳು.

ಮೂರನೇ ವಾರ ಧರ್ಮಪಾಲರ ಫೋನ್ ಬಂತು. "ಜಯಕ್ಕ, ವೇದಕ್ಕನ ಲೇಖನ? ನಾಳೆ ಪ್ರೆಸ್ಸಿಗೆ ಕೊಡಬೇಕು. ತಿದ್ದಿ ಆಯ್ತಲ್ಲ?"

"ತಿದ್ದಿದ್ದನ್ನು ಹಾಕುವುದು ಬೇಡ," ಎಂದಳು ಜಯಲತಾ. "ಪುಸ್ತಕವನ್ನೇ ಕಳಿಸ್ತೇನೆ. ಕೆಂಪು ಶಾಯಿಯನ್ನು ಬಿಟ್ಟು ನೀಲಿಯಲ್ಲಿ ಇದ್ದದ್ದನ್ನು ಮಾತ್ರ ಟೈಪ್ ಮಾಡಿಸಿ. ಒಂದು ಅಕ್ಷರ ಆಚೆ ಈಚೆ ಮಾಡಬೇಡಿ."

"ತಪ್ಪು ಉಳಿದರೆ ಜನ ನಿಮಗೇ ಹೇಳುದು."

"ಹೇಳಲಿ. ಕೊನೆಯ ಪುಟದಲ್ಲಿ ನನ್ನ ಹೆಸರು ಹಾಗೇ ಇರಲಿ."

'ಮಾತೃಭಾಷೆಯ ಮಹತ್ವ'ದ ಸುದ್ದಿ ನಾಲಿಗೆಯ ತುದಿಗೆ ಬಂದಿತ್ತು. ಅವಳು ಎತ್ತಲಿಲ್ಲ. ಕಷ್ಟವಾಯಿತು, ಆದರೂ ಎತ್ತಲಿಲ್ಲ.

ಆ ಸಂಜೆ ಕೀರ್ತನ್ ಬಂದು ಶೂ ಬಿಚ್ಚುತ್ತಿರುವಾಗಲೇ ಹೇಳಿದಳು, "ದೊಡ್ಡಮ್ಮನನ್ನು ಗುಂಪಿಗೆ ಪುನಃ ಸೇರಿಸು."

"ಅವರು ಕೇಳಿದ್ರಾ?"

"ನಾನು ಕೇಳ್ತಿದ್ದೇನೆ. ಆ ಮೊಬೈಲನ್ನೂ ಚಾರ್ಜಿಗೆ ಹಾಕು."

ಕೀರ್ತನ್ ಅಮ್ಮನ ಮುಖ ನೋಡಿದ. ಹೇಳಿದಂತೆ ಮಾಡಿದ. ವೇದಾವತಿ ಅಡುಗೆಮನೆಯಲ್ಲಿ ಹರಿವೆಸೊಪ್ಪು ಸೋಸುತ್ತಾ ಕೂತಿದ್ದಳು. ಮಾನಸಿ ಮೊಬೈಲನ್ನು ತಂದು ಅವಳ ಪಕ್ಕದಲ್ಲಿಟ್ಟಳು. ಅವಳು ತೆಗೆಯಲಿಲ್ಲ, ದೂರ ತಳ್ಳಲೂ ಇಲ್ಲ.

ಜಯಲತಾ ಸೋಫಾದ ಮೂಲೆಯಲ್ಲಿ ಕೂತು ಒಂದು ಬೆರಳಿನಿಂದ ಟೈಪ್ ಮಾಡಿದಳು. ಎರಡು ಸಲ ಅಳಿಸಿದಳು. ಮೂರನೇ ಸಲ ತಿದ್ದದೆ ಕಳಿಸಿದಳು.

"ವೇದಕ್ಕ ತಮ್ಮ ತಾಯಿಗೆ ಬರೆಯಲು ನನಗೆ ಹೇಳಿದ್ದು, ನಾನು ಬರೆಯದೆ ಬಿಟ್ಟದ್ದು ಇದು. ಅಮ್ಮಾ ನನಗೆ ಇಲ್ಲಿ ಆಗುದಿಲ್ಲ ತಮ್ಮನನ್ನು ಕಳಿಸು ಒಂದು ತಿಂಗಳು ನಿನ್ನ ಹತ್ತಿರ ಮಲಗಿ ಬರ್ತೇನೆ. ಅಕ್ಕ ಹೋದರೆ ನಾನು ಅಡುಗೆ ಮಾಡಬೇಕಾಗುತ್ತದೆ ಎಂದು ಬರೆಯಲಿಲ್ಲ. ಅಕ್ಕ ಆಮೇಲೆ ತಾಯಿಯನ್ನು ನೋಡಲಿಲ್ಲ. ಎಲ್ಲರೂ ಓದಿ."

ಉತ್ತರಗಳು ಬಂದವು, ಒಂದರ ಹಿಂದೆ ಒಂದು. ಸೌಜನ್ಯ, ಹಿತೇಶ್, ದುಬಾಯಿ, ಊರು. ಜಯಲತಾ ಅಭ್ಯಾಸ ಬಲದಿಂದ ಎಣಿಸಿದಳು. ಹದಿನೆಂಟು, ಹತ್ತೊಂಬತ್ತು. ಬಂಗುಡೆಗೆ ಬಂದಷ್ಟು ಬರಬಹುದೇ ಎಂದು ಮನಸ್ಸು ಕೇಳಿತು. ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಎಣಿಸುವುದನ್ನು ಬಿಟ್ಟಳು.

ಅಡುಗೆಮನೆಯಲ್ಲಿ ಸೊಪ್ಪು ಸೋಸುವ ಸದ್ದು ನಿಂತಿತ್ತು. ಮಾನಸಿ ಮೆಲ್ಲಗೆ ಏನೋ ಕೇಳುತ್ತಿದ್ದಳು, ವೇದಾವತಿ ಓದಿ ಹೇಳುತ್ತಿದ್ದಳು. ಬಹಳ ಹೊತ್ತು 'ವೇದಾವತಿ ಟೈಪ್ ಮಾಡುತ್ತಿದ್ದಾರೆ' ಎಂದು ಮೊಬೈಲು ತೋರಿಸಿತು. ಕೊನೆಗೆ ಬಂದದ್ದು ಒಂದೇ ಸಾಲು.

"*ಒಂದು ತಿಂಗಳು ಅಲ್ಲ. ಎಂಟು ದಿನ."

ಜಯಲತಾ ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದಳು. ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.